ಕೈ ಸರಿದ ಮೇಲೆ

ಗಿಯೆರ್ಮೊ ದೆಲ್ ತೊರೊ ಮತ್ತು ಮಾರ್ಕ್ ಗುಸ್ತಾಫ್ಸನ್ ಕೂಡಿ 2022ರಲ್ಲಿ ತೆಗೆದ ‘ಪಿನೋಕಿಯೊ’ ಚಿತ್ರದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಮಗನನ್ನು ಕಳಕೊಂಡ ಬಡಗಿ ಜೆಪೆಟ್ಟೊ ಕುಡಿದ ಮತ್ತಿನಲ್ಲಿ ಮರ ಕಡಿದು ಹುಡುಗನೊಬ್ಬನನ್ನು ಕೆತ್ತುತ್ತಾನೆ. ಬೆಳಗಾಗುವಷ್ಟರಲ್ಲಿ ಆ ಮರದ ಹುಡುಗ ಎದ್ದು ಓಡಾಡುತ್ತಾನೆ. ಅಪ್ಪನನ್ನು ಹುಡುಕಿಕೊಂಡು ಚರ್ಚಿನೊಳಕ್ಕೆ ಬಂದವನನ್ನು ಕಂಡು ಊರವರು ದೆವ್ವವೆಂದು ಹೌಹಾರುತ್ತಾರೆ. ಆಮೇಲೆ ಅದೇ ಚರ್ಚಿನಲ್ಲಿ, ಅದೇ ಬಡಗಿಯ ಕೈಯಲ್ಲಿ ರೂಪುಗೊಂಡ ಶಿಲುಬೆಯ ಏಸುವನ್ನು ನೋಡಿ ಹುಡುಗ ಕೇಳುತ್ತಾನೆ: ಇವನೂ ಮರದವನೇ ತಾನೇ, ಇವನಿಗಾದರೆ ಎಲ್ಲರೂ ಹಾಡುತ್ತಾರೆ, ನನ್ನನ್ನು ಕಂಡರೆ ಯಾಕೆ ಆಗುವುದಿಲ್ಲ? ಅಲುಗಾಡದ ಮರಕ್ಕೆ ಭಕ್ತಿ, ಅಲುಗಾಡುವ ಮರಕ್ಕೆ ಭಯ. ಹುಡುಗ ಕೇಳಿದ್ದು ಮಕ್ಕಳ ಪ್ರಶ್ನೆ ಹೌದು, ಆದರೆ ದೊಡ್ಡವರು ಇನ್ನೂ ಬಿಡಿಸಲಾರದೆ ಇಟ್ಟುಕೊಂಡ ಪ್ರಶ್ನೆಯೂ ಹೌದು.

ಹುಮನಾಬಾದ್ ತಾಲೂಕಿನ ಹುಡಗಿಯಂಥ ಊರಿನಿಂದ ನೋಡಿದರೆ ಇದು ಪರದೇಶದ ಪ್ರಶ್ನೆ ಅನ್ನಿಸುವುದಿಲ್ಲ. ಹತ್ತಿರದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿ ಜಂಗಮದ ಕಡೆಗೆ ನಿಂತರು. ಕಲ್ಲು, ಮಣ್ಣು, ಲೋಹಗಳ ದೇವರನ್ನು ಅವರು ಒರೆಗೆ ಹಚ್ಚಿದರು. ಗುಡಿಯಲ್ಲಿ ನೆಲೆ ನಿಂತ ಲಿಂಗದ ಜಾಗದಲ್ಲಿ ಅಂಗೈಯ ಇಷ್ಟಲಿಂಗ ಬಂತು. ಎಂಟು ಶತಮಾನಗಳಿಂದ ನಾವು ಈ ಜೋಡಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೇವೆ: ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಪದದ ಅರ್ಥಕ್ಕೆ ಇದು ಸರಿ. ವಿಚಾರಕ್ಕೆ ಇಷ್ಟು ಸಾಲದು ಎಂಬುದು ನನ್ನ ವಾದ. ಚಲನೆ ಒಂದು ವಸ್ತುವಿನ ಗುಣವಲ್ಲ, ಚಲಿಸಿದ್ದರಿಂದಲೇ ಯಾವುದೂ ಜಂಗಮವಾಗುವುದಿಲ್ಲ. ಇದಕ್ಕೆ ಸಾಕ್ಷಿ ಹೇಳಲು ಶಾಸ್ತ್ರಜ್ಞರಿಗಿಂತ ಒಳ್ಳೆಯವರು ನಿಂತ ಗೊಂಬೆಗಳನ್ನಷ್ಟೇ ಇಟ್ಟುಕೊಂಡು ಚಲನೆಯನ್ನು ಕಟ್ಟಿದವರು, ಅಂದರೆ ಸ್ಟಾಪ್ ಮೋಷನ್ ಸಿನಿಮಾದವರು.

ಅವರ ಕೆಲಸದ ಬಗೆ ಬಹಳ ಸರಳ, ಬಹಳ ತ್ರಾಸದ್ದು. ಗೊಂಬೆಯನ್ನು ನಿಲ್ಲಿಸಿ ಒಂದು ಫ್ರೇಮ್ ತೆಗೆಯುತ್ತಾರೆ. ಕೈ ಹಾಕಿ ತೋಳನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ಕೈ ಹಿಂದಕ್ಕೆ ತೆಗೆಯುತ್ತಾರೆ, ಇನ್ನೊಂದು ಫ್ರೇಮ್. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡಬೇಕು; ಒಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿದರೂ ಒಂದು ನಿಮಿಷಕ್ಕೆ 720 ಸಲ ಕೈ ಒಳಗೆ ಹೋಗಿ ಹೊರಗೆ ಬರಬೇಕು. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ನಲ್ಲಿ ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಹೊಡೆದಾಡುವ ಕೆಲವೇ ನಿಮಿಷಗಳ ದೃಶ್ಯಕ್ಕೆ ರೇ ಹ್ಯಾರಿಹೌಸನ್ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೂತಿದ್ದ. ಈ ಕಲೆಯ ಆದಿಯಲ್ಲೇ ಸಾವು ಇತ್ತು ಎಂಬುದನ್ನು ಮರೆಯಬಾರದು. ವ್ಲಾದಿಸ್ಲಾವ್ ಸ್ತಾರೆವಿಚ್ ಈಗಿನ ಲಿಥುವೇನಿಯಾದ ಕೌನಾಸ್‌ನಲ್ಲಿ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದವನು. ಕೊಂಬಿನ ಜೀರುಂಡೆಗಳ ಕಾಳಗವನ್ನು ಚಿತ್ರಿಸಬೇಕೆಂದು ಹೊರಟ. ಅವು ರಾತ್ರಿಯ ಹುಳು, ದೀಪ ಹಚ್ಚಿದ ಕೂಡಲೇ ಸುಮ್ಮನಾಗಿಬಿಡುತ್ತಿದ್ದವು. ಕೊನೆಗೆ ಅವನು ಸತ್ತ ಜೀರುಂಡೆಗಳ ಕಾಲು ಕಿತ್ತು, ತಂತಿಯ ಕೀಲು ಕೂಡಿಸಿ, ಅರಗಿನಿಂದ ಅಂಟಿಸಿ, ಒಂದೊಂದೇ ಫ್ರೇಮ್ ತೆಗೆದ. 1910ರಲ್ಲಿ ಆ ಕಾಳಗ ಪರದೆಗೆ ಬಂತು. 1912ರ ‘ಕ್ಯಾಮೆರಾದವನ ಸೇಡು’ ಚಿತ್ರದಲ್ಲಂತೂ ಅವನ ಹುಳುಗಳು ಸಂಸಾರ ಮಾಡಿದವು, ಹಾದರ ಮಾಡಿದವು, ಕೊನೆಗೆ ಜೈಲನ್ನೂ ಕಂಡವು. ನೋಡಿದವರಲ್ಲಿ ಇವು ಪಳಗಿಸಿದ ಹುಳುಗಳೆಂದು ನಂಬಿದವರಿದ್ದರು. ಜೀವಂತ ಹುಳು ಬೆಳಕಿನಲ್ಲಿ ಸ್ಥಾವರವಾಯಿತು, ಸತ್ತ ಹುಳು ಅದೇ ಬೆಳಕಿನಲ್ಲಿ ಓಡಾಡಿತು. ಚಲನೆಯನ್ನೇ ಜೀವದ ಗುರುತು ಮಾಡಿಕೊಂಡವರಿಗೆ ಇಷ್ಟು ಸಾಕಾಗಬೇಕಿತ್ತು.

ಇದರ ಇನ್ನೊಂದು ಮಗ್ಗುಲು ಗುಡಿಯಲ್ಲಿದೆ. ಆಗಮದ ಕ್ರಮದಲ್ಲಿ ಶಿಲ್ಪಿ ಕಣ್ಣು ತೆರೆಸಿ, ಪುರೋಹಿತ ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ಕಲ್ಲು ದೇವರಾಗುತ್ತದೆ. ಅದಕ್ಕೆ ಉಣಿಸುತ್ತಾರೆ, ಮಲಗಿಸುತ್ತಾರೆ, ಎಬ್ಬಿಸುತ್ತಾರೆ. ಆದರೆ ಅದು ಕೈ ಎತ್ತಲಿ ಎಂದು ಯಾರೂ ಕಾಯುವುದಿಲ್ಲ. ಎತ್ತಿದರೆ ಪೂಜಾರಿಯೇ ಮೊದಲು ಓಡುತ್ತಾನೆ. ಪ್ರತಿಷ್ಠೆಯಾದ ಮೂರ್ತಿಗೆ ಪ್ರಾಣವುಂಟು, ಚಲನೆಯಿಲ್ಲ. ಸ್ತಾರೆವಿಚ್‌ನ ಹುಳುವಿಗೆ ಚಲನೆಯುಂಟು, ಪ್ರಾಣವಿಲ್ಲ. ಹ್ಯಾರಿಹೌಸನ್ 1973ರ ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದಬಾದ್’ನಲ್ಲಿ ಈ ಎರಡನ್ನೂ ಕಲಸಿದ. ಅಲ್ಲಿ ಆರು ಕೈಯ ಕಾಳಿಯ ವಿಗ್ರಹಕ್ಕೆ ಮಾಂತ್ರಿಕನೊಬ್ಬ ಜೀವ ತುಂಬುತ್ತಾನೆ. ಕಾಳಿ ಕುಣಿಯುತ್ತಾಳೆ, ಆರು ಕತ್ತಿ ಹಿಡಿದು ಕಾದುತ್ತಾಳೆ, ಬಿದ್ದು ಚೂರಾಗುತ್ತಾಳೆ. ನಮ್ಮ ದೇವತೆಯನ್ನು ಮಾಟದ ಗೊಂಬೆ ಮಾಡಿದ ಹಾಲಿವುಡ್ಡಿನ ಅಜ್ಞಾನಕ್ಕೆ ಬೇಜಾರು ಸಹಜವೇ. ಆ ದೃಶ್ಯ ತಿಳಿಯದೆಯೇ ಹೇಳಿದ ಸತ್ಯವೊಂದಿದೆ, ಅದು ನನಗೆ ಬೇಕು: ವಿಗ್ರಹ ಚಲಿಸಿದ ಗಳಿಗೆಯಲ್ಲೇ ಅದು ದೇವರಾಗಿ ಉಳಿಯುವುದಿಲ್ಲ, ಯಾರದೋ ಅಪ್ಪಣೆಯ ಆಳಾಗುತ್ತದೆ. ಪಿನೋಕಿಯೊನನ್ನು ಕಂಡು ಚರ್ಚಿನ ಜನ ಕೂಗಿದ್ದೂ ಇದೇ ಕಾರಣಕ್ಕೆ. ಇವನನ್ನು ಆಡಿಸುತ್ತಿರುವವರು ಯಾರು, ದಾರ ಎಲ್ಲಿ ಎಂದು ಅವರ ಕಣ್ಣು ಹುಡುಕುತ್ತಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಪರದೆಯ ಮೇಲೆ ಚಲನೆಯೇ ಇಲ್ಲವಲ್ಲ, ಅದು ಕಣ್ಣಿನ ಭ್ರಮೆ. ಭ್ರಮೆಯ ಮೇಲೆ ತತ್ತ್ವ ಕಟ್ಟುವುದು ಹೇಗೆ? ಆಕ್ಷೇಪ ಹಳೆಯದು, ಸಿನಿಮಾಕ್ಕಿಂತ ಬಹಳ ಹಳೆಯದು. ಕೊಳ್ಳಿಯನ್ನು ಗಿರಗಿರನೆ ತಿರುಗಿಸಿದರೆ ಕತ್ತಲಲ್ಲಿ ಬೆಂಕಿಯ ಬಳೆ ಕಾಣುತ್ತದೆ. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಹೆಸರು ಬಂದದ್ದೇ ಈ ಕೊಳ್ಳಿಯಿಂದ. ಬಳೆ ಹೊರಗಿನಿಂದ ಬಂದದ್ದಲ್ಲ, ಕೊಳ್ಳಿಯೊಳಗೆ ಹೊಕ್ಕದ್ದೂ ಅಲ್ಲ. ಹಾಗೆಯೇ ಲೋಕವೂ ಎಂದು ಅವರು ವಾದ ಬೆಳೆಸುತ್ತಾರೆ. ಬೌದ್ಧರ ಕ್ಷಣಿಕವಾದ ಇನ್ನೂ ಕಟುವಾಗಿ ಹೇಳಿತು: ದೀಪದ ಉರಿ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ, ಕ್ಷಣಕ್ಷಣಕ್ಕೂ ಹೊಸ ಉರಿ. ಇದಕ್ಕೆ ಶಂಕರರ ಕಡೆಯವರು ಕೊಟ್ಟ ಉತ್ತರ ಗಟ್ಟಿಯದು. ಎಲ್ಲವೂ ಕ್ಷಣಿಕವಾದರೆ ಹಿಂದಿನ ಕ್ಷಣವನ್ನು ಈ ಕ್ಷಣಕ್ಕೆ ಜೋಡಿಸಿ ‘ಅದೇ ಇದು’ ಎಂದು ಗುರುತಿಸುವವರು ಯಾರು? ಜರ್ಮನಿಯಲ್ಲಿ ಈ ಜೋಡಣೆಯನ್ನು ಪ್ರಯೋಗಕ್ಕೆ ಒಡ್ಡಿದ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ತೋರಿಕೆಯ ಚಲನೆಯ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದ್ದು 1912ರಲ್ಲಿ, ಸ್ತಾರೆವಿಚ್‌ನ ಹುಳುಗಳು ಸಂಸಾರ ಹೂಡಿದ ವರ್ಷದಲ್ಲೇ. ಕಣ್ಣಿನಲ್ಲಿ ಹಳೆಯ ಚಿತ್ರ ಅಂಟಿಕೊಂಡಿರುವುದರಿಂದ ಚಲನೆ ಕಾಣುತ್ತದೆ ಎಂಬ ವಿವರಣೆ ಸಾಲದು, ಎರಡು ನಿಂತ ಬಿಂದುಗಳ ನಡುವೆ ಮನಸ್ಸು ಚಲನೆಯನ್ನೇ ನೇರವಾಗಿ ಕಾಣುತ್ತದೆ ಎಂದು ಅವನ ಪ್ರಯೋಗಗಳು ತೋರಿಸಿದವು. ಅಲ್ಲಿಗೆ ನೋಡುವವನು ಮೋಸ ಹೋಗುವವನು ಮಾತ್ರ ಆಗಿ ಉಳಿಯಲಿಲ್ಲ, ಕೂಡಿಸುವವನೂ ಆದ. ಗೊಂಬೆ ಆಡಿಸುವವನ ಕಡೆಯಲ್ಲೂ ಇದೇ ಕಥೆ. ಈಗ ಕಂಪ್ಯೂಟರು ಹಿಂದಿನ ಫ್ರೇಮನ್ನು ಪಕ್ಕದಲ್ಲೇ ತೋರಿಸುತ್ತದೆ. ಸ್ತಾರೆವಿಚ್, ‘ಕಿಂಗ್ ಕಾಂಗ್’ ಗೊಂಬೆಯನ್ನು ಆಡಿಸಿದ ವಿಲ್ಲಿಸ್ ಓಬ್ರಿಯನ್ ಇವರ ಕಾಲದಲ್ಲಿ ಅದಿರಲಿಲ್ಲ. ಮೊಣಕೈ ಎಷ್ಟು ಬಾಗಿತ್ತು, ಇನ್ನೆಷ್ಟು ಬಾಗಬೇಕು ಎಂಬ ಲೆಕ್ಕ ಬೆರಳುಗಳಲ್ಲೇ ಇರಬೇಕಿತ್ತು. ಚಲನೆ ಭ್ರಮೆಯಾಗಿದ್ದರೂ ಆ ನೆನಪು ಭ್ರಮೆಯಲ್ಲ.

ಕೆನಡಾದಲ್ಲಿ ಕೆಲಸ ಮಾಡಿದ ನಾರ್ಮನ್ ಮೆಕ್‌ಲಾರೆನ್, ಜೀವಂತ ಮನುಷ್ಯರನ್ನೇ ಗೊಂಬೆಗಳಂತೆ ಫ್ರೇಮ್ ಫ್ರೇಮಾಗಿ ನಿಲ್ಲಿಸಿ 1952ರಲ್ಲಿ ‘ನೇಬರ್ಸ್’ ತೆಗೆದವನು, ಈ ಕಲೆಯ ಗುಟ್ಟು ಫ್ರೇಮಿನೊಳಗೆ ಇರುವುದರಲ್ಲಿಲ್ಲ, ಎರಡು ಫ್ರೇಮುಗಳ ನಡುವೆ ಆಗುವುದರಲ್ಲಿದೆ ಎಂದು ಹೇಳುತ್ತಿದ್ದ. ಕಲ್ಯಾಣದ ಕಡೆಯವರಿಗೆ ಈ ‘ನಡುವೆ’ ಹೊಸದಲ್ಲ. ಶರಣ ಅಲ್ಲಮನು ಬಯಲು, ಅಂದರೆ ಶೂನ್ಯ, ಎಂದದ್ದನ್ನು ಇಲ್ಲಿಗೆ ತಂದು ಅಂಟಿಸುವ ಆಸೆ ಬರುತ್ತದೆ, ಅವಸರ ಬೇಡ. ಮೊದಲು ಆ ನಡುವಿನಲ್ಲಿ ಏನಾಗುತ್ತದೆ ಎಂದು ನೋಡೋಣ. ಇದಕ್ಕೆ ದಾದಾಸಾಹೇಬ್ ಫಾಲ್ಕೆಯವರ ಎರಡು ತುಣುಕು ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ‘ರಾಜಾ ಹರಿಶ್ಚಂದ್ರ’ಕ್ಕೆ ಮುಂಚೆ, 1912ರಲ್ಲಿ, ಅವರು ಕುಂಡದಲ್ಲಿ ಬಟಾಣಿ ಬಿತ್ತಿ ದಿನಕ್ಕೊಂದು ಫ್ರೇಮಿನಂತೆ ತೆಗೆದು, ಮೊಳಕೆ ಬಳ್ಳಿಯಾಗುವುದನ್ನು ಗಳಿಗೆಯಲ್ಲಿ ತೋರಿಸಿದರು, ಅದನ್ನು ನೋಡಿಯೇ ಸಿನಿಮಾಕ್ಕೆ ದುಡ್ಡು ಹುಟ್ಟಿತು. 1915ರಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಆಡಿಸಿ ಇನ್ನೊಂದು ಚಿತ್ರ ಮಾಡಿದರು. ಎರಡರಲ್ಲೂ ಕ್ಯಾಮೆರಾ ಮಾಡಿದ್ದು ಒಂದೇ ಕೆಲಸ: ನಿಂತದ್ದನ್ನು ತೆಗೆ, ಬಿಡು, ಮತ್ತೆ ತೆಗೆ. ಬಟಾಣಿಯ ವಿಷಯದಲ್ಲಿ ಆ ಬಿಡುವನ್ನು ತುಂಬಿದ್ದು ಬಟಾಣಿಯೇ. ಕಡ್ಡಿಯ ವಿಷಯದಲ್ಲಿ ತುಂಬಿದ್ದು ಫಾಲ್ಕೆಯವರ ಬೆರಳು. ಪರದೆಯಷ್ಟನ್ನೇ ನೋಡಿದವನಿಗೆ ಒಂದು ಒಳಗಿನಿಂದ ಬೆಳೆಯಿತು, ಇನ್ನೊಂದನ್ನು ಹೊರಗಿನಿಂದ ಸರಿಸಿದರು ಎಂದು ಹೇಳುವ ಆಧಾರ ಚಿತ್ರದೊಳಗೆ ಸಿಕ್ಕುವುದಿಲ್ಲ. ಬಟಾಣಿ ಗೊತ್ತಿದ್ದವನಿಗೆ ಮಾತ್ರ ಗೊತ್ತು.

ಇದು ದೇವರ ವಿಷಯದ ಒಂದು ದೊಡ್ಡ ವಾದಕ್ಕೆ ನೇರವಾಗಿ ತಾಗುತ್ತದೆ. ಲೋಕ ಚಲಿಸುತ್ತಿದೆ, ಆದ್ದರಿಂದ ಅದನ್ನು ಚಲಿಸುವಂತೆ ಮಾಡುವವನೊಬ್ಬ ಇರಲೇಬೇಕು ಎನ್ನುವವರಿಗೆ ಬಟಾಣಿ ಅಡ್ಡ ಬರುತ್ತದೆ. ಯಾವ ಕೈಯೂ ಕಾಣುತ್ತಿಲ್ಲ, ಆದ್ದರಿಂದ ಕೈಯೇ ಇಲ್ಲ ಎನ್ನುವವರಿಗೆ ಕಡ್ಡಿ ಅಡ್ಡ ಬರುತ್ತದೆ. ನಮ್ಮ ನಾಡಿನಲ್ಲಿ ಮೊದಲನೆಯ ಪಕ್ಷಕ್ಕೆ ಗೊಂಬೆಯಾಟವೇ ಉಪಮೆ. ಜಗನ್ನಾಟಕ ಸೂತ್ರಧಾರಿ ಎಂಬ ಮಾತು ದಾಸರ ಬಾಯಲ್ಲಿ, ಹರಿಕಥೆಯಲ್ಲಿ, ಕೊನೆಗೆ ಬಸ್‌ಸ್ಟ್ಯಾಂಡಿನ ಹರಟೆಯಲ್ಲೂ ಓಡಾಡುತ್ತದೆ. ಮಧ್ವರ ಮತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಈ ಉಪಮೆಗೆ ತಕ್ಕ ಕಲೆ ಕರ್ನಾಟಕದಲ್ಲಿ ಬೆಳೆದೇ ಇತ್ತು: ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಕಾಮತರ ಸೂತ್ರದ ಗೊಂಬೆ, ಕೊಪ್ಪಳದ ಮೋರನಾಳದಲ್ಲಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಜೀವಮಾನವಿಡೀ ಆಡಿಸಿದ ತೊಗಲು ಗೊಂಬೆ. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆಯಲ್ಲಿ ಕಡ್ಡಿ ಹಿಡಿದ ಕೈ ಆಡಿದ ಕ್ಷಣಕ್ಕೇ ಪರದೆಯ ಮೇಲಿನ ನೆರಳೂ ಆಡುತ್ತದೆ. ಕೈ ಬಿಟ್ಟರೆ ಆಟ ಬಿತ್ತು. ಸ್ಟಾಪ್ ಮೋಷನ್ ಇದಕ್ಕೆ ತಿರುಗಾಮುರುಗಾ. ಅಲ್ಲಿ ನಾವು ಕಾಣುವ ಒಂದೊಂದು ಕ್ಷಣವೂ ಕೈ ಬಿಟ್ಟ ಕ್ಷಣ. ಕೈ ಒಳಗಿದ್ದಾಗ ತೆಗೆದ ಫ್ರೇಮು ಕೆಟ್ಟ ಫ್ರೇಮು, ಬಿಸಾಡುವಂಥದು.

ಸೂತ್ರಧಾರನಿಗಿಂತ ಈ ಕಲೆಗೆ ಹತ್ತಿರವಾದ ದೇವರ ಕಲ್ಪನೆ ಒಂದು ಇಸ್ಲಾಮಿನ ಕಲಾಮ್ ಎಂಬ ದೇವತತ್ತ್ವದ ಚರ್ಚೆಯ ಪರಂಪರೆಯಲ್ಲಿ ಸಿಗುತ್ತದೆ. ಅಶ್ಅರಿ ಪಂಥದವರು ಕಾಲವನ್ನೂ ವಸ್ತುವನ್ನೂ ಅಣುಗಳಾಗಿ ಒಡೆದು, ದೇವರು ಕ್ಷಣಕ್ಷಣಕ್ಕೂ ಲೋಕವನ್ನು ಹೊಸದಾಗಿ ಹುಟ್ಟಿಸುತ್ತಾನೆ ಎಂದರು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ಹತ್ತಿ ಮತ್ತು ಬೆಂಕಿಯ ಉದಾಹರಣೆ ಕೊಟ್ಟ: ಬೆಂಕಿ ಹತ್ತಿಯನ್ನು ಸುಡುವುದನ್ನು ಯಾರೂ ನೋಡಿಲ್ಲ, ಬೆಂಕಿ ತಾಗಿದ್ದನ್ನು ನೋಡಿದ್ದೇವೆ, ಸುಟ್ಟದ್ದನ್ನು ನೋಡಿದ್ದೇವೆ. ಎರಡು ಫ್ರೇಮು. ನಡುವಿನದು ನಮಗೆ ಕಂಡಿಲ್ಲ, ಅಲ್ಲಿ ದೇವರ ಕೈ ಇದೆ ಎಂಬುದು ಅವನ ತೀರ್ಮಾನ. ತರ್ಕದ ಈ ಚೆಲುವಿಗೆ ತಲೆದೂಗಲೇಬೇಕು. ಆದರೆ ಇದರಲ್ಲಿ ಬಟಾಣಿಗೆ ಜಾಗವೇ ಇಲ್ಲ. ಎಲ್ಲವೂ ಕಡ್ಡಿಪೆಟ್ಟಿಗೆಯ ಕಡ್ಡಿಯೇ ಆಗಿಬಿಡುತ್ತದೆ.

ಹಾಗಾದಾಗ ಏನಾಗುತ್ತದೆ ಎಂಬುದನ್ನು ತೋರಿಸಿದವನು ಚೆಕ್ ನಾಡಿನ ಯಿರಿ ತ್ರಿಂಕ. ಇವನ ಗೊಂಬೆಗಳ ಮುಖ ಬದಲಾಗುವುದಿಲ್ಲ, ಬಾಯಿ ತೆರೆಯುವುದಿಲ್ಲ. ದೀಪ ಸರಿಸಿ, ಕ್ಯಾಮೆರಾ ಬಗ್ಗಿಸಿ ಅದೇ ಬಣ್ಣದ ಮುಖದಲ್ಲಿ ದುಃಖವನ್ನೂ ನಗೆಯನ್ನೂ ಕಾಣಿಸುತ್ತಿದ್ದ. ಜಪಾನಿನಿಂದ ಬಂದು 1963ರಲ್ಲಿ ಅವನ ಬಳಿ ಕಲಿತ ಕಿಹಾಚಿರೋ ಕವಾಮೊಟೊಗೆ ಈ ಪಾಠ ಬೇಗ ಹತ್ತಿತು, ಏಕೆಂದರೆ ತನ್ನ ನಾಡಿನ ನೋ ನಾಟಕದ ಮುಖವಾಡವೂ ತುಸು ಬಾಗಿದರೆ ಅಳುತ್ತದೆ, ತುಸು ಎತ್ತಿದರೆ ಬೆಳಗುತ್ತದೆ. ತ್ರಿಂಕನ ಕೊನೆಯ ಚಿತ್ರ 1965ರ ‘ಕೈ’. ಒಂದು ಕೋಣೆ, ಅದರಲ್ಲೊಬ್ಬ ಕುಂಬಾರ ಗೊಂಬೆ. ಅವನಿಗೊಂದು ಗುಲಾಬಿ ಗಿಡ, ಅದಕ್ಕಾಗಿ ಕುಂಡ ತಿಗುರಿಯ ಮೇಲೆ ತಿದ್ದುವುದೇ ಅವನ ಕೆಲಸ. ಅಲ್ಲಿಗೆ ಕೈಗವಸು ತೊಟ್ಟ ದೊಡ್ಡ ಮನುಷ್ಯಗೈಯೊಂದು ನುಗ್ಗಿ, ಕುಂಡ ಬಿಡು, ನನ್ನದೇ ಮೂರ್ತಿ ಮಾಡು ಎನ್ನುತ್ತದೆ. ಪುಸಲಾಯಿಸುತ್ತದೆ, ಹೆದರಿಸುತ್ತದೆ, ಕೊನೆಗೆ ಪಂಜರದಲ್ಲಿಟ್ಟು ಕೈಕಾಲಿಗೆ ದಾರ ಕಟ್ಟಿ ಕಲ್ಲಿನಲ್ಲಿ ಕೈ ಕೆತ್ತಿಸುತ್ತದೆ. ದಾರವೇ ಇಲ್ಲದ ಕಲೆಯ ಗೊಂಬೆಗೆ ದಾರ ಬಿದ್ದ ಆ ದೃಶ್ಯದಷ್ಟು ಹಿಂಸೆಯ ದೃಶ್ಯಗಳು ಕಡಿಮೆ. ಕುಂಬಾರ ತಪ್ಪಿಸಿಕೊಂಡು ಬಂದು ಕೋಣೆಯ ಬಾಗಿಲು ಭದ್ರ ಮಾಡುತ್ತಾನೆ, ತನ್ನದೇ ಕುಂಡ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಕೈ ಅವನಿಗೆ ಸರ್ಕಾರಿ ಗೌರವದ ಶವಸಂಸ್ಕಾರ ಮಾಡುತ್ತದೆ. 1969ರಲ್ಲಿ ತ್ರಿಂಕ ತೀರಿಕೊಂಡ ಮೇಲೆ ಅಲ್ಲಿನ ಸರ್ಕಾರ ಆ ಚಿತ್ರವನ್ನು ನಿಷೇಧಿಸಿತು. ಯಾರ ಕೈ ಎಂದು ಸರ್ಕಾರಕ್ಕೆ ಅರ್ಥವಾಗಿತ್ತು.

ಎರಡನೆಯ ಆಕ್ಷೇಪ ಇಲ್ಲಿಂದಲೇ ಬರುತ್ತದೆ. ಸ್ಟಾಪ್ ಮೋಷನ್‌ನಲ್ಲಿ ಗೊಂಬೆ ಯಾವಾಗ ಸ್ವತಂತ್ರ? ಕಾಣುವ ಕೈಯ ಬದಲು ಕಾಣದ ಕೈ ಆಳುತ್ತದೆ, ಅದು ಇನ್ನೂ ಕಪಟದ ದಬ್ಬಾಳಿಕೆಯಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಆದರೂ ಎರಡು ಕೈಗಳ ನಡತೆಯಲ್ಲಿ ಅಂತರವಿದೆ. ತ್ರಿಂಕನ ಪಾತ್ರವಾದ ಕೈ ತನ್ನನ್ನೇ ಕೆತ್ತು ಎನ್ನುತ್ತದೆ, ಫ್ರೇಮಿನಲ್ಲಿ ಉಳಿಯಲು ಹಟ ಹಿಡಿಯುತ್ತದೆ. ತ್ರಿಂಕನ ಸ್ವಂತ ಕೈ ಅದೇ ಚಿತ್ರದಲ್ಲಿ ಸಾವಿರಾರು ಸಲ ಒಳಹೋಗಿ ಸಾವಿರಾರು ಸಲ ಹಿಂದೆ ಸರಿದಿದೆ. ಸರಿಯುವುದು ಈ ಕಲೆಯಲ್ಲಿ ವಿನಯದ ಮಾತಲ್ಲ, ಕೆಲಸದ ಷರತ್ತು. ಪೂರ್ತಿ ಸರಿಯಲೂ ಅದಕ್ಕೆ ಆಗುವುದಿಲ್ಲ ಎಂಬುದು ಇದರ ಸೊಗಸು. 1933ರ ‘ಕಿಂಗ್ ಕಾಂಗ್’ ಪರದೆಯ ಮೇಲೆ ದೈತ್ಯ, ಮೇಜಿನ ಮೇಲೆ ಮೊಳದುದ್ದದ ಗೊಂಬೆ. ಮಾರ್ಸೆಲ್ ಡೆಲ್ಗಾಡೊ ಅದಕ್ಕೆ ಮೊಲದ ತುಪ್ಪಳು ಹೊದಿಸಿದ್ದ. ಪ್ರತಿ ಸಲ ಮುಟ್ಟಿದಾಗಲೂ ಓಬ್ರಿಯನ್‌ನ ಬೆರಳ ಕೆಳಗೆ ಕೂದಲು ಅತ್ತಿತ್ತ ಮಲಗಿ, ಚಿತ್ರ ಓಡಿದಾಗ ಕಾಂಗ್‌ನ ಮೈ ಜುಂ ಎಂದಂತೆ ಅಲೆಯೇಳುತ್ತದೆ. ನಿಕ್ ಪಾರ್ಕ್‌ನ ವಾಲೆಸ್ ಮತ್ತು ಗ್ರಾಮಿಟ್ ಜೇಡಿಯಂಥ ಪ್ಲಾಸ್ಟಿಸಿನ್ ಗೊಂಬೆಗಳು; ಬಾಯಿಯೇ ಇಲ್ಲದ ಗ್ರಾಮಿಟ್‌ನ ಹುಬ್ಬಿನ ಹತ್ತಿರ ಬೆರಳಚ್ಚಿನ ಗೆರೆಗಳು ಕಣ್ಣಿಗೆ ಬೀಳುತ್ತವೆ. ಈಚಿನ ಸ್ಟುಡಿಯೋಗಳು ಮುಖಗಳನ್ನು ಯಂತ್ರದಲ್ಲಿ ಅಚ್ಚು ಹಾಕಿ, ಕೀಲಿನ ಗೆರೆಗಳನ್ನು ಕಂಪ್ಯೂಟರಿನಲ್ಲಿ ಒರೆಸಿಬಿಡುತ್ತವೆ. ಕೆಲಸ ನಯವಾಗಿದೆ. ನನಗೆ ಕಾಂಗ್‌ನ ತುಪ್ಪಳೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ.

ಮೂರನೆಯ ಆಕ್ಷೇಪವೇ ದೊಡ್ಡದು, ಅದು ಕಲ್ಯಾಣದಿಂದಲೇ ಬರಬೇಕಾದದ್ದು. ಶರಣರ ಜಂಗಮ ಎಂದರೆ ಅರಿವು, ಅರಿವುಳ್ಳ ಮನುಷ್ಯ, ಊರೂರು ತಿರುಗಿ ಅದನ್ನು ಹಂಚುವವನು. ಸಿನಿಮಾದ ಗೊಂಬೆಯನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದು ಶ್ಲೇಷೆಯ ಆಟವಲ್ಲವೇ? ಒಪ್ಪುತ್ತೇನೆ; ಗೊಂಬೆಗೆ ಅರಿವಿಲ್ಲ, ಅದು ಎಂದೂ ಜಂಗಮವಲ್ಲ. ನನ್ನ ವಾದಕ್ಕೆ ಬೇಕಾದದ್ದೂ ಇದೇ. ಚಲಿಸುವ ಗೊಂಬೆ ಜಂಗಮವಲ್ಲ ಎಂದು ಒಪ್ಪಿದ ಮೇಲೆ, ನಿಂತದ್ದೆಲ್ಲ ಬರೀ ಸ್ಥಾವರ ಎಂದು ಹೇಳುವ ಹಕ್ಕೂ ಹೋಗುತ್ತದೆ. ಹುಡಗಿಯ ಸುತ್ತಿನ ಸೀಮೆಯ ಒಕ್ಕಲುಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಡೆಯುವುದನ್ನು ನೋಡಬಹುದು. ಹಸಿಮಣ್ಣಿನಲ್ಲಿ ಜೋಡೆತ್ತು ಮಾಡಿ, ಮುಂದೆ ಮಣ್ಣಿನದೇ ಗ್ವಾದಲಿ ಇಟ್ಟು, ಜಗುಲಿಯ ಮೇಲೆ ಕೂಡಿಸಿ ಪೂಜೆ ಮಾಡುತ್ತಾರೆ. ಹೆಬ್ಬೆರಳು ಒತ್ತಿದ ಕಡೆ ಭುಜ, ಚಿವುಟಿ ಎಳೆದ ಕಡೆ ಕೊಂಬು. ಅದು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಹೊಲದಲ್ಲಿ ನಡೆಯುವ ಎತ್ತು ಕೊಟ್ಟಿಗೆಯಲ್ಲಿದೆ. ಪೂಜೆ ಮುಗಿದ ಮೇಲೆ ಆ ಮಣ್ಣು ಮಣ್ಣಿಗೆ ಸೇರುತ್ತದೆ. ಈ ಮನೆಗಳಲ್ಲಿ ಬಹಳಷ್ಟು ಕೊರಳಲ್ಲಿ ಇಷ್ಟಲಿಂಗ ಕಟ್ಟಿದವರವು. ಇದನ್ನು ಸ್ಥಾವರಪೂಜೆಯ ಉಳಿಕೆ ಎಂದು ಪಂಡಿತರು ಮುಖ ಸಿಂಡರಿಸಬಹುದು. ಗುಡಿ ಕಟ್ಟಿ ಕಾಯಂ ಆಗುವ ದೇವರಿಗೂ, ಕೈಯಲ್ಲಿ ಹುಟ್ಟಿ ಕೈಯಿಂದಲೇ ಬಿಡುಗಡೆಯಾಗುವ ಈ ಎತ್ತಿಗೂ ಇರುವ ಅಂತರ ಅವರ ಕಣ್ಣಿಗೆ ಬಿದ್ದಂತಿಲ್ಲ. ಶರಣರು ಬೇಡವೆಂದದ್ದು ನಿಂತಿರುವುದನ್ನಲ್ಲ, ಬಿಡದಿರುವುದನ್ನು. ಆ ಲೆಕ್ಕದಲ್ಲಿ ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿಯ ನೆರಳಲ್ಲಿ ನಿಂತವರು ಯೋಚಿಸಬೇಕಾದದ್ದು ಸಾಕಷ್ಟಿದೆ.

ಕಾಯಕ ಎಂಬ ಮಾತಿಗೆ ಇಲ್ಲಿ ಅರ್ಥ ಬರುತ್ತದೆ. ಯಾರು ಆಡಿಸುತ್ತಾರೆ ಎಂಬ ಪ್ರಶ್ನೆಯನ್ನು ಫಾಲ್ಕೆಯವರ ಬಟಾಣಿ ಮತ್ತು ಕಡ್ಡಿ ಬಗೆಹರಿಸದೆ ಬಿಟ್ಟವು. ಕಲ್ಯಾಣದವರು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಎತ್ತಿಕೊಂಡರು: ಯಾರೂ ನೋಡದ ಆ ನಡುವಿನಲ್ಲಿ ನಿನ್ನ ಕೈ ಏನು ಮಾಡುತ್ತಿತ್ತು? ಅವರ ನಡುವೆ ಅಂಬಿಗನಿದ್ದ, ಮಾದಾರನಿದ್ದ, ಮಡಿವಾಳನಿದ್ದ. ಭಾಲ್ಕಿಯವನೆಂದು ಪರಂಪರೆ ಹೇಳುವ ಕುಂಬಾರ ಗುಂಡಯ್ಯನಿದ್ದ. ಕವಿ ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆ. ಅಲ್ಲಿ ಗುಂಡಯ್ಯ ಮಡಕೆ ತಟ್ಟುತ್ತಾನೆ, ಆ ತಟ್ಟಿನ ತಾಳಕ್ಕೆ ಶಿವ ಬಂದು ಕುಣಿಯುತ್ತಾನೆ. ಸೂತ್ರಧಾರನ ಉಪಮೆ ಇಲ್ಲಿ ಪೂರ್ತಿ ತಲೆಕೆಳಗು: ಕುಣಿಯುತ್ತಿರುವವನು ದೇವರು, ತಾಳ ಕುಂಬಾರನದು, ನಡುವೆ ದಾರವಿಲ್ಲ. ತ್ರಿಂಕನ ಕುಂಬಾರ ಗೊಂಬೆ ಬೇಡಿಕೊಂಡದ್ದೂ ತನ್ನ ಪಾಡಿಗೆ ಕುಂಡ ಮಾಡುವಷ್ಟು ಸಮಯವನ್ನೇ. ಮಡಕೆ ತಟ್ಟುವುದನ್ನು ಹತ್ತಿರದಿಂದ ನೋಡಿದರೆ ಎರಡು ಕೈ ಕಾಣಬೇಕು. ಹೊರಗಿನ ಕೈಯಲ್ಲಿ ಮರದ ಹಲಗೆ, ಅದರ ಸದ್ದೇ ತಾಳ. ಇನ್ನೊಂದು ಕೈ ಗುಂಡುಗಲ್ಲು ಹಿಡಿದು ಮಡಕೆಯೊಳಗೆ ಇರುತ್ತದೆ, ಪೆಟ್ಟು ಬಿದ್ದಲ್ಲೆಲ್ಲ ಒಳಗಿನಿಂದ ಆಸರೆ ಕೊಡುತ್ತದೆ. ಅದು ಯಾರಿಗೂ ಕಾಣುವುದಿಲ್ಲ. ಗೋಡೆ ತೆಳುವಾಗಿ, ಹೊಟ್ಟೆ ದುಂಡಗಾದ ಮೇಲೆ, ಕಂಠಕ್ಕೆ ತಾಗದ ಹಾಗೆ ಬೆರಳು ಮಡಿಚಿ ಕುಂಬಾರ ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆಯುತ್ತಾನೆ.